ಬೆರಳಾಡಿಸುವ ಮೊದಲು: ಮಲೆನಾಡಿನ ಆಪ್ತಸಮಾಲೋಚಕರು ಇಎಂಡಿಆರ್ ಕಲಿಯುವ ಬಗೆ

ಇಎಂಡಿಆರ್ ಎಂದರೆ ಕಣ್ಣಿನ ಚಲನೆಯ ನೆರವಿನಿಂದ ಆಘಾತದ ನೆನಪಿಗೆ ನೀಡುವ ಮನಶ್ಚಿಕಿತ್ಸೆ. ಅದನ್ನು ಕಲಿಯಬೇಕೆಂದು ವಿಚಾರಿಸಿಕೊಂಡು ಬರುವ ಕಿರಿಯ ಆಪ್ತಸಮಾಲೋಚಕರು ಮೊದಲು ಕೇಳುವುದು ಬೆರಳನ್ನು ಎಷ್ಟು ದೂರದಲ್ಲಿ, ಎಷ್ಟು ವೇಗವಾಗಿ ಆಡಿಸಬೇಕು ಎಂದು. ಅದಕ್ಕೆ ಉತ್ತರ ಐದು ನಿಮಿಷದಲ್ಲಿ ಮುಗಿಯುತ್ತದೆ. ಎದುರಿಗೆ ಕುಳಿತವರ ಮುಖದಿಂದ ಸುಮಾರು 30ರಿಂದ 35 ಸೆಂಟಿಮೀಟರ್ ದೂರದಲ್ಲಿ ಎರಡು ಬೆರಳುಗಳನ್ನು ಹಿಡಿದು, ಅವರ ಕಣ್ಣಿಗೆ ಹಿಂಸೆಯಾಗದಷ್ಟು ಚುರುಕಾಗಿ ಎಡಕ್ಕೂ ಬಲಕ್ಕೂ ಆಡಿಸುವುದು; ಒಂದು ಸುತ್ತಿಗೆ ಹೆಚ್ಚುಕಡಿಮೆ 24 ಸಲ. ಇಷ್ಟನ್ನು ಯಾರಾದರೂ ಕಲಿಯಬಹುದು, ಇಷ್ಟರಿಂದಲೇ ಯಾರಿಗೂ ಗುಣವಾಗುವುದಿಲ್ಲ. ತರಬೇತಿಯ ಬಹುಪಾಲು ಇರುವುದು ಬೆರಳು ಎತ್ತುವ ಮೊದಲಿನ ಸಿದ್ಧತೆಯಲ್ಲಿ, ಬೆರಳನ್ನು ಯಾವಾಗ ಎತ್ತಬಾರದು ಎಂಬ ತೀರ್ಮಾನದಲ್ಲಿ ಮತ್ತು ಎದುರಿನವರ ಮಾತನ್ನು ಅವರದೇ ಕನ್ನಡದಲ್ಲಿ ಹಿಡಿಯುವ ಅಭ್ಯಾಸದಲ್ಲಿ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಕೆಲಸ ಮಾಡುತ್ತಿರುವ ಮನಶ್ಶಾಸ್ತ್ರಜ್ಞರು ಮತ್ತು ಆಪ್ತಸಮಾಲೋಚಕರು ಈ ತರಬೇತಿಗೆ ಹೇಗೆ ಸಿದ್ಧರಾಗಬೇಕು, ತರಬೇತಿಯನ್ನು ಹೇಗೆ ಆರಿಸಬೇಕು, ಕಲಿತದ್ದನ್ನು ನಮ್ಮ ಊರಿನಲ್ಲಿ ಹೇಗೆ ಬಳಕೆಗೆ ತರಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಇದು ತರಬೇತಿಯ ಬದಲಿಯಲ್ಲ. ಇದನ್ನು ಓದಿ ನಾಳೆಯೇ ಚಿಕಿತ್ಸೆ ಆರಂಭಿಸುವಂತಿಲ್ಲ.

ಪದ್ಧತಿಯ ಹಿನ್ನೆಲೆ

1987ರಲ್ಲಿ ಅಮೆರಿಕದ ಫ್ರಾನ್ಸಿನ್ ಶಪೀರೊ ಉದ್ಯಾನವೊಂದರಲ್ಲಿ ನಡೆಯುತ್ತಿದ್ದಾಗ, ತಮ್ಮನ್ನು ಕಾಡುತ್ತಿದ್ದ ಯೋಚನೆಗಳ ಬಿಗಿ ಕಣ್ಣುಗಳು ಅತ್ತಿತ್ತ ಹರಿದಂತೆಲ್ಲ ಸಡಿಲವಾಗುವುದನ್ನು ಗಮನಿಸಿದರು. ಅವರ ಮೊದಲ ಅಧ್ಯಯನ 1989ರಲ್ಲಿ ಪ್ರಕಟವಾಯಿತು. ಮುಂದೆ ಅವರು ಅದನ್ನು ಎಂಟು ಹಂತಗಳ ಪೂರ್ಣ ಚಿಕಿತ್ಸಾ ಪದ್ಧತಿಯಾಗಿ ಬೆಳೆಸಿದರು. ಅವರ ವಿವರಣೆಯ ಪ್ರಕಾರ ಆಘಾತದ ನೆನಪು ಅರಗದ ಅನ್ನದಂತೆ ಮನಸ್ಸಿನಲ್ಲಿ ಹಾಗೆಯೇ ಉಳಿದಿರುತ್ತದೆ. ಅಂದಿನ ಚಿತ್ರ, ಸದ್ದು, ವಾಸನೆ, ಮೈಯ ನಡುಕ ಎಲ್ಲವೂ ಅಂದಿನಷ್ಟೇ ಹಸಿಯಾಗಿರುತ್ತವೆ. ಚಿಕಿತ್ಸೆಯ ಕೆಲಸ ಆ ನೆನಪನ್ನು ಅಳಿಸುವುದಲ್ಲ, ಅದು ಅರಗುವಂತೆ ಮಾಡುವುದು.

ಕಣ್ಣಿನ ಚಲನೆ ಏಕೆ ನೆರವಾಗುತ್ತದೆ ಎಂಬ ವಿಷಯದಲ್ಲಿ ಸಂಶೋಧಕರು ಇನ್ನೂ ವಾದಿಸುತ್ತಿದ್ದಾರೆ, ಮತ್ತು ಕಲಿಯುವವರು ಈ ವಾದವನ್ನು ತಿಳಿದಿರಲೇಬೇಕು. 2001ರಲ್ಲಿ ಡೇವಿಡ್‌ಸನ್ ಮತ್ತು ಪಾರ್ಕರ್ ಆವರೆಗಿನ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ, ಕಣ್ಣಿನ ಚಲನೆಯಿಂದ ಹೆಚ್ಚುವರಿ ಲಾಭವೇನೂ ಕಾಣುವುದಿಲ್ಲ ಎಂದರು. 2013ರಲ್ಲಿ ಲೀ ಮತ್ತು ಕೌಪರ್ಸ್ ಅಂಥದೇ ಪರಿಶೀಲನೆ ನಡೆಸಿ ಲಾಭವಿದೆ ಎಂದರು. ಈಗ ಹೆಚ್ಚು ಜನ ಒಪ್ಪುವ ವಿವರಣೆ ಸರಳವಾದದ್ದು. ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳಬಲ್ಲದ್ದು ಸ್ವಲ್ಪವೇ. ನೆನಪನ್ನು ಮುಂದಿಟ್ಟುಕೊಂಡೇ ಬೆರಳನ್ನು ಹಿಂಬಾಲಿಸಬೇಕಾದಾಗ ನೆನಪಿನ ಚಿತ್ರ ಮಂಕಾಗುತ್ತದೆ, ಅದರ ಮೊನೆ ಮೊಂಡಾಗುತ್ತದೆ. ಚಿಕಿತ್ಸೆಯ ಒಟ್ಟು ಫಲದ ಬಗ್ಗೆ ಮಾತ್ರ ಇಷ್ಟು ಜಗಳವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಗೆ, ದೊಡ್ಡವರಿಗೂ ಮಕ್ಕಳಿಗೂ, ಇದನ್ನು ಶಿಫಾರಸು ಮಾಡಿದೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ಇದಕ್ಕಿಂತ ಹಿಡಿತದ್ದು: ಯುದ್ಧಕ್ಕೆ ಸಂಬಂಧಿಸದ ಆಘಾತಕ್ಕೆ ಒಳಗಾದ ದೊಡ್ಡವರಿಗೆ ಇದನ್ನು ಸೂಚಿಸುತ್ತದೆ, ಮಕ್ಕಳ ವಿಷಯದಲ್ಲಿ ಆಘಾತ ಕೇಂದ್ರಿತ ಅರಿವಿನ ವರ್ತನಾ ಚಿಕಿತ್ಸೆಯಿಂದ ಗುಣ ಕಾಣದಿದ್ದಾಗ ಮಾತ್ರ ಯೋಚಿಸಿ ಎನ್ನುತ್ತದೆ. ತರಬೇತಿ ಮುಗಿಸಿ ಬಂದ ಉತ್ಸಾಹದಲ್ಲಿ ಪರೀಕ್ಷೆಯ ಭಯದಿಂದ ಸೊಂಟನೋವಿನವರೆಗೆ ಎಲ್ಲದಕ್ಕೂ ಇದನ್ನೇ ಹೇಳುವವರನ್ನು ಕಂಡಾಗ ಈ ಎರಡು ದಾಖಲೆಗಳನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

ಯಾರು ಸೇರಬಹುದು, ಯಾವುದಕ್ಕೆ ಸೇರಬೇಕು

ಇದು ಈಗಾಗಲೇ ಚಿಕಿತ್ಸೆ ನೀಡಲು ಅರ್ಹರಾದವರಿಗೆ ಮೀಸಲಾದ ತರಬೇತಿ. ಮನೋವೈದ್ಯರು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜಕಾರ್ಯಕರ್ತರು, ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ಮೇಲ್ವಿಚಾರಣೆಯಲ್ಲಿ ಆಪ್ತಸಮಾಲೋಚನೆ ಮಾಡುತ್ತಿರುವವರು ಸಾಮಾನ್ಯವಾಗಿ ಇದಕ್ಕೆ ಅರ್ಜಿ ಹಾಕುತ್ತಾರೆ. ಪ್ರತಿ ಸಂಸ್ಥೆಯ ಅರ್ಹತೆಯ ನಿಯಮ ಬೇರೆ ಬೇರೆ ಇರಬಹುದಾದ್ದರಿಂದ ಹಣ ಕಟ್ಟುವ ಮೊದಲೇ ಲಿಖಿತ ಉತ್ತರ ಪಡೆಯಿರಿ. ಇಎಂಡಿಆರ್ ಪ್ರಮಾಣಪತ್ರ ಯಾರಿಗೂ ಪರವಾನಗಿಯಾಗುವುದಿಲ್ಲ ಎಂಬುದೂ ಸ್ಪಷ್ಟವಾಗಿರಲಿ. ಎರಡು ದಿನದ ಕಾರ್ಯಾಗಾರದ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ ಬೋರ್ಡು ಬರೆಸುವವರಿಂದ ಹಾನಿಯಾಗುವುದು ಅವರಿಗಲ್ಲ, ಅವರೆದುರು ಕುಳಿತು ನೆನಪನ್ನು ಬಿಚ್ಚಿದವರಿಗೆ.

ತರಬೇತಿಯ ಗುಣಮಟ್ಟ ಅಳೆಯಲು ಅಮೆರಿಕದ ಇಎಂಡಿಆರ್ ಇಂಟರ್‌ನ್ಯಾಷನಲ್ ಅಸೋಸಿಯೇಷನ್ ನಿಗದಿಪಡಿಸಿರುವ ಲೆಕ್ಕವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು: ಮೂಲ ತರಬೇತಿಗೆ 20 ಗಂಟೆ ಪಾಠ, 20 ಗಂಟೆ ಮೇಲ್ವಿಚಾರಣೆಯ ಅಭ್ಯಾಸ, 10 ಗಂಟೆ ಮಾರ್ಗದರ್ಶನ, ಒಟ್ಟು 50 ಗಂಟೆ. ಆ ಸಂಘದ ಪ್ರಮಾಣೀಕೃತ ಚಿಕಿತ್ಸಕರಾಗಲು ಇದು ಸಾಲದು. ಕನಿಷ್ಠ 25 ಜನರೊಂದಿಗೆ 50 ಅವಧಿಗಳನ್ನು ನಡೆಸಿರಬೇಕು ಮತ್ತು ಇನ್ನೂ 20 ಗಂಟೆಗಳ ಮಾರ್ಗದರ್ಶನ ಪಡೆದಿರಬೇಕು. ನಮ್ಮ ದೇಶದಲ್ಲಿ ಇಎಂಡಿಆರ್ ಇಂಡಿಯಾ, ಖಂಡದ ಮಟ್ಟದಲ್ಲಿ ಇಎಂಡಿಆರ್ ಏಷ್ಯಾ ಎಂಬ ಸಂಘಗಳಿವೆ. ತರಬೇತುದಾರರಿಗೆ ಇಂಥ ಸಂಘದ ಮಾನ್ಯತೆ ಇದೆಯೇ ಎಂದು ನೇರವಾಗಿ ಸಂಘವನ್ನೇ ಕೇಳಿ ತಿಳಿಯಿರಿ. ಭಾರತಕ್ಕೆ ಈ ಪದ್ಧತಿಯ ತರಬೇತಿ ವ್ಯಾಪಕವಾಗಿ ಬಂದದ್ದು 2001ರ ಗುಜರಾತ್ ಭೂಕಂಪದ ನಂತರದ ಪರಿಹಾರ ಕಾರ್ಯದ ಜೊತೆಯಲ್ಲಿ.

ತರಬೇತುದಾರರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಪಾಠದ ದಿನಗಳು ಮುಗಿದ ಮೇಲೆ ಮಾರ್ಗದರ್ಶನದ 10 ಗಂಟೆ ಯಾರ ಜೊತೆ, ಎಷ್ಟು ತಿಂಗಳಲ್ಲಿ, ಯಾವ ಭಾಷೆಯಲ್ಲಿ ನಡೆಯುತ್ತದೆ? ಇದಕ್ಕೆ ಹಾರಿಕೆಯ ಉತ್ತರ ಬಂದರೆ ಆ ತರಬೇತಿಯನ್ನು ಬಿಡುವುದೇ ಲೇಸು. ಬೆಂಗಳೂರಿನಲ್ಲೋ ಮುಂಬೈಯಲ್ಲೋ ನಡೆಯುವ ತರಬೇತಿಯ ಮಾತು ಇಂಗ್ಲಿಷಿನಲ್ಲೇ ಇರುತ್ತದೆ. ಕನ್ನಡ ಬಲ್ಲ ಮಾರ್ಗದರ್ಶಕರೊಬ್ಬರು ಸಿಗುವಂತಿದ್ದರೆ ಸ್ವಲ್ಪ ಕಾಯಬೇಕಾದರೂ ಕಾಯಿರಿ. ಖರ್ಚಿನ ಲೆಕ್ಕ ಹಾಕುವಾಗ ಶುಲ್ಕವನ್ನಷ್ಟೇ ನೋಡದೆ ರಾತ್ರಿ ಬಸ್ಸಿನ ಓಡಾಟ, ವಸತಿ ಮತ್ತು ಆ ದಿನಗಳಲ್ಲಿ ತಪ್ಪುವ ಸಂಪಾದನೆಯನ್ನೂ ಸೇರಿಸಿಕೊಳ್ಳಿ.

ತರಗತಿಯ ಅಭ್ಯಾಸಕ್ಕೆ ನೆನಪನ್ನು ಆರಿಸುವುದು

ಅಭ್ಯಾಸದ ಅವಧಿಯಲ್ಲಿ ಮೂವರು ಒಂದು ಗುಂಪಾಗಿ, ಒಬ್ಬರು ಚಿಕಿತ್ಸಕರಾಗಿ, ಒಬ್ಬರು ಚಿಕಿತ್ಸೆ ಪಡೆಯುವವರಾಗಿ, ಮತ್ತೊಬ್ಬರು ನೋಡುವವರಾಗಿ ಕೂರುವುದು ವಾಡಿಕೆ. ಇದು ನಾಟಕವಲ್ಲ, ನಿಮ್ಮದೇ ನಿಜವಾದ ನೆನಪಿನ ಮೇಲೆ ಕೆಲಸ ನಡೆಯುತ್ತದೆ. ಆದ್ದರಿಂದ ಹೊರಡುವ ಮೊದಲೇ ನಾಲ್ಕೈದು ಸಾಧಾರಣ ನೆನಪುಗಳನ್ನು ಬರೆದಿಟ್ಟುಕೊಳ್ಳಿ: ಸಭೆಯಲ್ಲಿ ಆದ ಅವಮಾನ, ಬೈಕಿನಿಂದ ಬಿದ್ದದ್ದು, ಶಾಲೆಯಲ್ಲಿ ತಿಂದ ಏಟು, ಇಂಥವು. ಹತ್ತಕ್ಕೆ ನಾಲ್ಕೋ ಐದೋ ಕಸಿವಿಸಿ ಕೊಡುವ ನೆನಪು ಸಾಕು. ನಾನು ಮೊದಲ ದಿನವೇ ಮನೆಯ ಸಾವೊಂದರ ನೆನಪನ್ನು ಎತ್ತಿಕೊಂಡು, ನನ್ನಷ್ಟೇ ಹೊಸಬರಾದ ಜೊತೆಗಾರರನ್ನು ಕಂಗಾಲು ಮಾಡಿದೆ. ತರಬೇತುದಾರರು ಬಂದು ಕೈಹಿಡಿಯದಿದ್ದರೆ ಆ ಮಧ್ಯಾಹ್ನ ನಾನು ಎದ್ದು ಊಟಕ್ಕೂ ಹೋಗುತ್ತಿರಲಿಲ್ಲ. ತಪ್ಪು ನನ್ನದೇ ಆಗಿತ್ತು, ಎಚ್ಚರಿಕೆಯನ್ನು ಅವರು ಮೊದಲೇ ಕೊಟ್ಟಿದ್ದರು. ಆದರೆ ಅಪೂರ್ಣವಾಗಿ ಉಳಿದ ನೆನಪಿನೊಂದಿಗೆ ಮನೆಗೆ ಹೋಗುವುದು ಹೇಗಿರುತ್ತದೆ ಎಂದು ಅಂದು ತಿಳಿದದ್ದು ಮುಂದೆ ಪ್ರತಿ ಅವಧಿಯನ್ನು ಮುಗಿಸುವಾಗಲೂ ಕೆಲಸಕ್ಕೆ ಬಂದಿದೆ.

ಮೊದಲ ಎರಡು ಹಂತಗಳು

ಎಂಟು ಹಂತಗಳಲ್ಲಿ ಮೊದಲನೆಯದು ಪೂರ್ವೇತಿಹಾಸ ಕೇಳಿ ಯೋಜನೆ ಹಾಕುವುದು, ಎರಡನೆಯದು ಸಿದ್ಧತೆ. ಹೊಸಬರು ಇವೆರಡನ್ನು ಒಂದೇ ಭೇಟಿಯಲ್ಲಿ ಮುಗಿಸಲು ನೋಡುತ್ತಾರೆ. ಸರಳವಾದ ಒಂದೇ ಅಪಘಾತದ ನೆನಪಾದರೆ ಅದು ಸಾಧ್ಯವಾಗಬಹುದು. ಬಾಲ್ಯದಿಂದ ಹಿಂಸೆ ಉಂಡವರ ವಿಷಯದಲ್ಲಿ ಸಿದ್ಧತೆಗೇ ತಿಂಗಳುಗಳು ಹಿಡಿಯಬಹುದು, ಮತ್ತು ಹಿಡಿಯಲಿ.

ಇತಿಹಾಸ ಕೇಳುವಾಗ ನೆನಪನ್ನು ಕೆದಕಬಾರದು, ಪಟ್ಟಿ ಮಾಡಬೇಕು. ಅಂದಿನ ಘಟನೆ ಯಾವುದು, ಇಂದು ಅದನ್ನು ಏನು ಕೆಣಕುತ್ತದೆ, ನಾಳೆ ಯಾವುದನ್ನು ಎದುರಿಸಬೇಕಾಗಿದೆ ಎಂಬ ಮೂರು ಎಳೆಗಳನ್ನು ಹಿಡಿಯುವುದು ಈ ಪದ್ಧತಿಯ ಕ್ರಮ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹೊರವಲಯದ ಹುಣಸೋಡಿನಲ್ಲಿ ಸ್ಫೋಟಕ ಸಿಡಿದಾಗ ಭೂಕಂಪವೇ ಆಯಿತೆಂದು ದೂರದೂರದವರು ಹೊರಗೋಡಿ ಬಂದಿದ್ದರು. ಅಂದು ಬೆಚ್ಚಿಬಿದ್ದ ಒಬ್ಬರು ಸಮಾಲೋಚನೆಗೆ ಬಂದಿದ್ದಾರೆಂದು ಕಲ್ಪಿಸಿಕೊಳ್ಳಿ. ಅಂದಿನ ಎಳೆ ಆ ರಾತ್ರಿಯ ಸದ್ದು ಮತ್ತು ಕಿಟಕಿಯ ನಡುಕ; ಇಂದಿನ ಎಳೆ ದೀಪಾವಳಿಯ ಪಟಾಕಿ ಅಥವಾ ಜಲ್ಲಿ ತುಂಬಿದ ಲಾರಿಯ ಸದ್ದು; ನಾಳಿನ ಎಳೆ ಮುಂದಿನ ಹಬ್ಬದ ರಾತ್ರಿ ಮಕ್ಕಳೊಂದಿಗೆ ಅಂಗಳದಲ್ಲಿ ನಿಲ್ಲಬೇಕಾದದ್ದು. ಈ ಮೂರರಲ್ಲಿ ಮೊದಲನೆಯದನ್ನು ಮುಗಿಸಿ ಉಳಿದೆರಡನ್ನು ಕೈಬಿಡುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು.

ಯಾರಿಗೆ ಈಗ ಬೇಡ ಎಂಬುದನ್ನು ತಿಳಿಯುವುದೂ ಮೊದಲ ಹಂತದ ಕೆಲಸವೇ. ಆತ್ಮಹತ್ಯೆಯ ಯೋಚನೆಯಲ್ಲಿರುವವರು, ಕುಡಿತ ಹಿಡಿತಕ್ಕೆ ಬಾರದವರು, ಇನ್ನೂ ಅದೇ ಮನೆಯಲ್ಲಿ ಹೊಡೆತ ತಿನ್ನುತ್ತಿರುವವರು ಇವರಿಗೆಲ್ಲ ಮೊದಲು ಬೇಕಾದದ್ದು ಬೇರೆ ನೆರವು. ಮೂರ್ಛೆರೋಗ, ಕಣ್ಣಿನ ತೊಂದರೆ, ಹೃದಯದ ಕಾಯಿಲೆ, ಗರ್ಭಿಣಿಯರ ವಿಷಯದಲ್ಲಿ ವೈದ್ಯರ ಸಲಹೆ ಕೇಳದೆ ಮುಂದುವರಿಯಬಾರದು. ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕಾದವರಿಗೆ, ಚಿಕಿತ್ಸೆಯ ನಂತರ ನೆನಪಿನ ಚಿತ್ರ ಮಂಕಾಗಬಹುದೆಂದು ಮೊದಲೇ ತಿಳಿಸಿ, ಅವರ ವಕೀಲರೊಂದಿಗೆ ಮಾತಾಡಿ ಬರಲು ಹೇಳಬೇಕು. ಘಟನೆ ನಡೆದು ಕೆಲವೇ ದಿನಗಳಾಗಿದ್ದರೆ ನಿದ್ರೆಗೆಡುವುದೂ ಬೆಚ್ಚಿಬೀಳುವುದೂ ಸಹಜ. ಬಹುಮಂದಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಗುಡ್ಡ ಕುಸಿದ ಊರಿಗೆ ಮರುದಿನವೇ ಹೋಗಿ ಎಲ್ಲರನ್ನೂ ಸಾಲಾಗಿ ಕೂರಿಸಿ ನಡೆದದ್ದನ್ನು ಹೇಳಿಸುವ ಉತ್ಸಾಹ ಬೇಡ. ಅಂಥ ಬಲವಂತದ ಹೇಳಿಕೆ ಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ.

ನಮ್ಮ ಸೀಮೆಯಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಎಚ್ಚರ ತಪ್ಪಿದಂತಾಗುವ, ತಾನು ತಾನಲ್ಲವೆನ್ನಿಸುವ ಸ್ಥಿತಿಗಳನ್ನು. ಇವನ್ನು ತಿಳಿಯಲು 28 ಪ್ರಶ್ನೆಗಳ ಒಂದು ಮಾಪಕವನ್ನು ತರಬೇತಿಯಲ್ಲಿ ಕಲಿಸುತ್ತಾರೆ. ಆದರೆ ಮಲೆನಾಡಿನ ಮನೆಗಳಲ್ಲಿ ‘ಮೈಮೇಲೆ ಬರುತ್ತದೆ’, ‘ಗಾಳಿ ಸೋಕಿದೆ’ ಎಂಬ ಮಾತುಗಳು ಸಹಜವಾಗಿ ಬರುತ್ತವೆ. ವರ್ಷಕ್ಕೊಮ್ಮೆ ಭೂತನ ಪೂಜೆಯಲ್ಲಿ ದರ್ಶನ ಬರುವುದು ಕಾಯಿಲೆಯಲ್ಲ. ಗದ್ದೆಯ ಅಂಚಿನಲ್ಲಿ ನಿಂತಿದ್ದವರಿಗೆ ಮನೆಗೆ ಹೇಗೆ ಬಂದೆನೆಂಬುದೇ ನೆನಪಿಲ್ಲದಿರುವುದು ಗಂಭೀರ ಸೂಚನೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕದಂತೆ, ನಂಬಿಕೆಯನ್ನು ಹೀಗಳೆಯದಂತೆ ಕೇಳುವುದನ್ನು ಯಾವ ಇಂಗ್ಲಿಷ್ ಕೈಪಿಡಿಯೂ ಕಲಿಸುವುದಿಲ್ಲ. ‘ಅದು ಯಾವಾಗ ಬರುತ್ತದೆ? ಬಂದಾಗ ಮನೆಯವರೆಲ್ಲ ಜೊತೆಯಲ್ಲಿರುತ್ತಾರೆಯೇ, ಒಬ್ಬರೇ ಇದ್ದಾಗಲೂ ಬರುತ್ತದೆಯೇ? ಆಮೇಲೆ ಹಗುರವೆನ್ನಿಸುತ್ತದೆಯೇ, ಹೆದರಿಕೆಯೇ?’ ಎಂದು ಕೇಳಿದರೆ ವ್ಯತ್ಯಾಸ ಸಾಮಾನ್ಯವಾಗಿ ಹೊರಬೀಳುತ್ತದೆ. ಸಂದೇಹವಿದ್ದರೆ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೋ ನಿಮ್ಹಾನ್ಸ್‌ಗೋ ಕಳುಹಿಸಿ, ಅವರ ಅಭಿಪ್ರಾಯ ಬರುವವರೆಗೆ ಕಾಯಬೇಕು. ಮನೋವೈದ್ಯ ಕೆ. ಎ. ಅಶೋಕ್ ಪೈ ಅವರು ಕೆಲಸ ಮಾಡಿದ ಊರಿದು. ಮನಸ್ಸಿನ ಕಾಯಿಲೆಗೆ ವೈದ್ಯರ ಬಳಿ ಹೋಗಿ ಎಂದರೆ ಶಿವಮೊಗ್ಗದವರು ಹೌಹಾರುವುದಿಲ್ಲ.

ಸಿದ್ಧತೆಯ ಹಂತದಲ್ಲಿ ‘ಶಾಂತ ಸ್ಥಳ’ವನ್ನು ಕಲ್ಪಿಸಿಕೊಳ್ಳುವ ಅಭ್ಯಾಸವಿದೆ. ಕೈಪಿಡಿಗಳಲ್ಲಿ ಕಡಲ ತೀರವೋ ಹೊಳೆಯ ದಂಡೆಯೋ ಉದಾಹರಣೆಯಾಗಿರುತ್ತದೆ. ಇಲ್ಲಿ ಹಾಗೆ ಸೂಚಿಸಬೇಡಿ. 2019ರ ಆಗಸ್ಟಿನಲ್ಲಿ ತುಂಗೆ ಮನೆಯೊಳಗೆ ನುಗ್ಗಿದ್ದನ್ನು ಕಂಡವರಿಗೆ ಹೊಳೆಯ ದಂಡೆ ಶಾಂತಿ ಕೊಡದು. ಲಿಂಗನಮಕ್ಕಿ ಹಿನ್ನೀರಿನಲ್ಲಿ ಊರನ್ನೇ ಕಳೆದುಕೊಂಡ ಹಿರಿಯರಿಗೆ ತುಂಬಿದ ನೀರಿನ ಹರವು ಇನ್ನೇನನ್ನೋ ಹೇಳುತ್ತದೆ. ಮಂಗನ ಕಾಯಿಲೆಯಲ್ಲಿ ಮನೆಯವರನ್ನು ಕಳೆದುಕೊಂಡ ಅರಳಗೋಡು ಕಡೆಯವರಿಗೆ ಕಾಡಿನ ನೆರಳೂ ಹಾಗೆಯೇ. ಸ್ಥಳವನ್ನು ಅವರೇ ಆರಿಸಲಿ. ಒಲೆಯ ಮುಂದಿನ ಮಣೆ, ಅಡಕೆ ಒಣಗಿಸುವ ಅಂಗಳ, ಅಜ್ಜಿಯ ಸೀರೆಯ ಮಡಿಲು, ಏನೇ ಆಗಬಹುದು. ಹೇಳಿದ ಸ್ಥಳದಲ್ಲಿ ಇನ್ನೊಬ್ಬರು ಇದ್ದಾರೆಯೇ ಎಂದು ಕೇಳಿ. ಆ ವ್ಯಕ್ತಿ ಮುಂದೆ ನೋವಿನ ನೆನಪಿಗೆ ದಾರಿ ತೆರೆಯಬಹುದು.

‘ಚಿಟ್ಟೆ ಅಪ್ಪುಗೆ’ ಎಂಬ, ಎದೆಯ ಮೇಲೆ ಕೈಗಳನ್ನು ಅಡ್ಡವಾಗಿಟ್ಟು ಭುಜಗಳನ್ನು ತಾವೇ ಒಂದಾದ ಮೇಲೊಂದು ಮೆಲ್ಲನೆ ತಟ್ಟಿಕೊಳ್ಳುವ ವಿಧಾನವನ್ನೂ ಈ ಹಂತದಲ್ಲಿ ಕಲಿಸುತ್ತಾರೆ. 1997ರ ಪಾಲೀನ್ ಚಂಡಮಾರುತದ ನಂತರ ಮೆಕ್ಸಿಕೋದ ಅಕಾಪುಲ್ಕೊದಲ್ಲಿ ಮಕ್ಕಳೊಂದಿಗೆ ಕೆಲಸ ಮಾಡುತ್ತಾ ಲುಸಿನಾ ಆರ್ಟಿಗಾಸ್ ರೂಪಿಸಿದ ವಿಧಾನವಿದು. ನಮ್ಮಲ್ಲಿ ಇದರ ಉಪಯೋಗ ಎರಡು ಪಟ್ಟು, ಏಕೆಂದರೆ ಬೆರಳಾಡಿಸುವ ಬದಲು ಚಿಕಿತ್ಸಕರು ಮೊಣಕಾಲು ತಟ್ಟುವ ಕ್ರಮವನ್ನು ಹೆಣ್ಣುಮಕ್ಕಳು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಬೆರಳಿನ ಬದಲು ಬಳಸುವ, ಕರೆಂಟಿನ ದೀಪಪಟ್ಟಿಯನ್ನು ಕೊಳ್ಳಲೇಬೇಕೆಂದಿಲ್ಲ. ಆಗುಂಬೆಯ ಕಡೆ ಜುಲೈಯಲ್ಲಿ ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ, ಬೆರಳಿಗೆ ಕರೆಂಟ್ ಬೇಡ.

ಕನ್ನಡದಲ್ಲಿ ಕೇಳುವುದು

ಮೂರನೆಯ ಹಂತದಲ್ಲಿ ನೆನಪಿನ ಅತಿ ಕೆಟ್ಟ ಚಿತ್ರ, ಆ ಚಿತ್ರದೊಡನೆ ತನ್ನ ಬಗ್ಗೆ ಏಳುವ ಕೆಟ್ಟ ನಂಬಿಕೆ, ಅದರ ಬದಲಿಗೆ ಬೇಕಾದ ಒಳ್ಳೆಯ ನಂಬಿಕೆ, ಒಳ್ಳೆಯ ನಂಬಿಕೆ ಎಷ್ಟು ನಿಜವೆನ್ನಿಸುತ್ತದೆಂಬುದಕ್ಕೆ 1ರಿಂದ 7ರ ಅಳತೆ, ಭಾವನೆ, ಕಸಿವಿಸಿಗೆ 0ಯಿಂದ 10ರ ಅಳತೆ, ಕೊನೆಗೆ ಅದು ಮೈಯಲ್ಲಿ ಎಲ್ಲಿದೆ ಎಂಬುದು, ಇಷ್ಟನ್ನು ಇದೇ ಕ್ರಮದಲ್ಲಿ ಕೇಳಬೇಕು. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ ಪ್ರಶ್ನೆಗಳು ಕನ್ನಡಕ್ಕೆ ಬಂದಾಗ ಹೆಚ್ಚಾಗಿ ಮುಗ್ಗರಿಸುವುದು ಈ ಹಂತದಲ್ಲಿ. ಆದ್ದರಿಂದ ತರಬೇತಿಯ ಮೊದಲ ಭಾಗ ಮುಗಿಸಿ ಬಂದ ವಾರವೇ ಇಡೀ ಹಂತವನ್ನು ನಿಮ್ಮ ಸೀಮೆಯ ಆಡುಮಾತಿನಲ್ಲಿ ಬರೆದು, ಗೆಳೆಯರೊಬ್ಬರ ಮುಂದೆ ಓದಿ, ತಿದ್ದಿಕೊಳ್ಳಿ.

ಕೆಟ್ಟ ನಂಬಿಕೆಯೆಂಬುದು ವರ್ತಮಾನದಲ್ಲಿರಬೇಕು, ‘ನಾನು’ ಎಂದು ಆರಂಭವಾಗಬೇಕು. ಆದರೆ ನಮ್ಮ ಮಾತಿನ ಜಾಡೇ ಬೇರೆ. ತೋಟದ ಮೇಲೆ ಗುಡ್ಡ ಜರಿದದ್ದನ್ನು ಕಂಡ ಹಿರಿಯರು ‘ಮಳೆ ಬಂತು, ಧರೆ ಬಿತ್ತು, ಎಲ್ಲ ಹೋಯ್ತು, ಎಂತ ಮಾಡೂದು’ ಎನ್ನುತ್ತಾರೆ. ಆ ಮಾತಿನಲ್ಲಿ ‘ನಾನು’ ಎಲ್ಲಿಯೂ ಇಲ್ಲ. ‘ನನ್ನ ಗ್ರಹಚಾರ’ ಎನ್ನುವುದೂ ನಂಬಿಕೆಯಂತೆ ಕಂಡರೂ ತನ್ನ ಬಗೆಗಿನ ತೀರ್ಪಲ್ಲ, ಮಾತು ಮುಗಿಸುವ ರೀತಿ. ‘ಹೆದ್ರಿಕೆ ಆಗ್ತದೆ’ ಎಂಬುದು ಭಾವನೆ. ಅದನ್ನು ಮುಂದಿನ ಪ್ರಶ್ನೆಗೆ ಎತ್ತಿಡಬೇಕು. ‘ಆ ಚಿತ್ರ ಈಗ ಕಣ್ಣಮುಂದೆ ಬಂದಾಗ ನಿಮ್ಮನ್ನು ನೀವೇ ಏನೆಂದು ಬೈದುಕೊಳ್ಳುತ್ತೀರಿ?’ ಎಂದು ಕೇಳಿದರೆ ಹೆಚ್ಚಾಗಿ ಬಾಗಿಲು ತೆರೆಯುತ್ತದೆ. ‘ನನ್ ಕೈಲಿ ಎಂತದೂ ಆಗ್ಲಿಲ್ಲ’ ಎಂಬ ಉತ್ತರ ಬಂದರೆ ಅದು ಅಂದಿನ ಸಂಗತಿ. ‘ಅದರಿಂದ ಈಗ ನೀವು ಎಂಥವರು ಅನ್ನಿಸುತ್ತದೆ?’ ಎಂದು ಇನ್ನೊಂದು ಹೆಜ್ಜೆ ಇಟ್ಟಾಗ ‘ನಾನು ಕೈಲಾಗದವನು’ ಎಂಬ ಮಾತು ಹೊರಬರುತ್ತದೆ. ಅದನ್ನು ಸಾಧುಗನ್ನಡಕ್ಕೆ ತಿರುಗಿಸದೆ ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ. ‘ನಾನು ಅಸಹಾಯಕ’ ಎಂದು ತಿದ್ದಿದರೆ ಆ ಮಾತಿನ ಕಸುವು ಹೋಗುತ್ತದೆ.

ಒಳ್ಳೆಯ ನಂಬಿಕೆಯ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಕೈಪಿಡಿಯ ಪಟ್ಟಿಯಲ್ಲಿ ‘ನಾನು ಈಗ ಸುರಕ್ಷಿತ’ ಎಂಬ ವಾಕ್ಯವಿರುತ್ತದೆ. ಕಳೆದ ಮಳೆಗಾಲದಲ್ಲಿ ಜರಿದ ಗುಡ್ಡದ ಬುಡದಲ್ಲೇ ಇನ್ನೂ ವಾಸವಿರುವವರಿಗೆ ಆ ವಾಕ್ಯವನ್ನು ಕೊಟ್ಟರೆ ಅದು ಸುಳ್ಳು, ಮನಸ್ಸು ಅದನ್ನು ಒಪ್ಪುವುದೂ ಇಲ್ಲ. ಅಳತೆ ನಾಲ್ಕರ ಆಚೆ ಏರದೆ ನಿಂತಾಗ ಹೊಸ ಚಿಕಿತ್ಸಕರು ತಮ್ಮ ಬೆರಳಿನ ವೇಗವನ್ನು ಅನುಮಾನಿಸುತ್ತಾರೆ. ದೋಷವಿರುವುದು ವಾಕ್ಯದಲ್ಲಿ. ‘ಆವತ್ತಿನದು ಮುಗೀತು, ನಾನು ಉಳಿದಿದ್ದೇನೆ’ ಎಂಬುದೋ, ‘ಮತ್ತೆ ಬಂದರೆ ಏನು ಮಾಡಬೇಕೆಂದು ನನಗೆ ಗೊತ್ತಿದೆ’ ಎಂಬುದೋ ನಿಜವೂ ಹೌದು, ಹಿಡಿದುಕೊಳ್ಳಲು ಆಗುವಂಥದ್ದೂ ಹೌದು.

ಎರಡು ಅಳತೆಗಳು ವಿರುದ್ಧ ದಿಕ್ಕಿನಲ್ಲಿ ಓಡುವುದರಿಂದ ಬಂದವರಿಗೆ ಗೊಂದಲವಾಗುತ್ತದೆ. ಒಂದರಲ್ಲಿ ಸೊನ್ನೆ ಒಳ್ಳೆಯದು, ಇನ್ನೊಂದರಲ್ಲಿ ಏಳು ಒಳ್ಳೆಯದು. ಕಸಿವಿಸಿಯ ಅಳತೆಗೆ ಎರಡೂ ಕೈಯ ಹತ್ತು ಬೆರಳುಗಳನ್ನು ತೋರಿಸಿ, ಎಷ್ಟು ಮಡಿಚಬೇಕೆಂದು ಕೇಳಿದರೆ ಓದು ಬಾರದವರಿಗೂ ತಿಳಿಯುತ್ತದೆ. ನಂಬಿಕೆಯ ನಿಜದ ಅಳತೆಗೆ ನಮ್ಮಲ್ಲಿ ಹದಿನಾರಾಣೆ ಸತ್ಯ ಎಂಬ ಮಾತು ಸಿದ್ಧವಾಗಿಯೇ ಇದೆ: ಏಳು ಎಂದರೆ ಹದಿನಾರಾಣೆ, ಒಂದು ಎಂದರೆ ಬರೀ ಬಾಯಿಮಾತು. ಆಣೆಯಲ್ಲಿ ಹೇಳಿದ್ದನ್ನು ದಾಖಲೆಯಲ್ಲಿ ಮಾತ್ರ 1ರಿಂದ 7ಕ್ಕೆ ಪರಿವರ್ತಿಸಿ ಬರೆಯಿರಿ. ಇಲ್ಲವಾದರೆ ಮಾರ್ಗದರ್ಶಕರಿಗೆ ಏನೂ ಅರ್ಥವಾಗದು.

ನೆನಪನ್ನು ಮುಂದಿಟ್ಟುಕೊಂಡು ಬೆರಳಾಡಿಸುವ ನಾಲ್ಕನೆಯ ಹಂತದಲ್ಲಿ ಪ್ರತಿ ಸುತ್ತಿನ ಬಳಿಕ ಹೇಳಬೇಕಾದ ಚಿಕ್ಕ ಸೂಚನೆಯನ್ನು ‘ಅದರ ಜೊತೆ ಹೋಗಿ’ ಎಂದು ಅನುವಾದಿಸಿದವರನ್ನು ನೋಡಿದ್ದೇನೆ. ಎದುರಿನವರು ‘ಯಾರ ಜೊತೆ, ಎಲ್ಲಿಗೆ?’ ಎಂದು ಕೇಳಿದರು. ‘ಸರಿ, ಅದನ್ನೇ ನೋಡ್ತಾ ಇರಿ’ ಎಂದರೆ ಸಾಕು. ದೂರದಿಂದ ನೋಡುವ ಅಭ್ಯಾಸಕ್ಕೆ ತಾಳಗುಪ್ಪ ರೈಲಿನ ಕಿಟಕಿಯಿಂದ ಹೊರಗಿನ ತೋಟ ಸರಿದುಹೋಗುವಂತೆ ನೋಡಿ ಎಂಬ ಹೋಲಿಕೆ ಇಲ್ಲಿಯವರಿಗೆ ಒಗ್ಗುತ್ತದೆ, ಬಸ್ಸಿನ ಅಪಘಾತದಲ್ಲಿ ಉಳಿದವರಿಗೆ ಮಾತ್ರ ವಾಹನದ ಹೋಲಿಕೆಯೇ ಬೇಡ. ಹವ್ಯಕ ಕನ್ನಡ, ತುಳು, ಕೊಂಕಣಿ, ಉರ್ದು ಅಥವಾ ಲಂಬಾಣಿ ಮನೆಮಾತಿನವರು ನೆನಪಿನೊಳಗೆ ತಮ್ಮ ಮಾತಿನಲ್ಲೇ ಇರಲಿ. ಈ ಪದ್ಧತಿಯಲ್ಲಿ ಬಂದವರು ಎಲ್ಲ ವಿವರಗಳನ್ನೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಏನೋ ಬದಲಾಯಿತು ಎಂದರೂ ಮುಂದುವರಿಯಬಹುದು. ಊರೆಲ್ಲ ನೆಂಟರೇ ಆಗಿರುವ ಕಡೆಗಳಲ್ಲಿ ಇದೊಂದು ದೊಡ್ಡ ಅನುಕೂಲ.

ಉಳಿದ ಹಂತಗಳನ್ನು ತರಗತಿಯೇ ಚೆನ್ನಾಗಿ ಕಲಿಸುತ್ತದೆ: ಒಳ್ಳೆಯ ನಂಬಿಕೆಯನ್ನು ನೆಲೆಗೊಳಿಸುವುದು, ತಲೆಯಿಂದ ಕಾಲಿನವರೆಗೆ ಮೈಯನ್ನು ಗಮನಿಸುವುದು, ಅವಧಿಯನ್ನು ಮುಗಿಸುವುದು, ಮುಂದಿನ ಭೇಟಿಯಲ್ಲಿ ಮರುಪರಿಶೀಲಿಸುವುದು. ಅಳು ಉಕ್ಕಿದಾಗ ಗಾಬರಿಯಿಂದ ಸುತ್ತನ್ನು ನಿಲ್ಲಿಸಬಾರದು, ಆದರೆ ಮೊದಲೇ ಒಪ್ಪಿಕೊಂಡ ಕೈಸನ್ನೆ ಬಂದ ಕ್ಷಣ ನಿಲ್ಲಿಸಲೇಬೇಕು. ಈ ಎರಡರ ನಡುವಿನ ವಿವೇಕ ಅಭ್ಯಾಸದಿಂದಷ್ಟೇ ಬರುತ್ತದೆ.

ಮೊದಲ ಕೆಲವರು ಮತ್ತು ಮಾರ್ಗದರ್ಶನದ ಗಂಟೆಗಳು

ಮೊದಲಿಗೆ ಒಂದೇ ಘಟನೆಯಿಂದ ನೊಂದ, ಮನೆಯವರ ಆಸರೆಯಿರುವ, ನಿದ್ರೆ ಊಟ ಸುಮಾರಾಗಿ ಸರಿಯಿರುವ ದೊಡ್ಡವರನ್ನು ಆರಿಸಿಕೊಳ್ಳಿ. ಅಡಕೆಯ ಕೊನೆ (ಗೊನೆ) ತೆಗೆಯುವಾಗ ಮರದಿಂದ ಬಿದ್ದು ಮೂಳೆ ಕೂಡಿಕೊಂಡರೂ ಮತ್ತೆ ಮರ ಹತ್ತಲಾಗದೆ ಕುಳಿತವರು, ಘಾಟಿಯಲ್ಲಿ ವಾಹನ ಉರುಳಿದ ಮೇಲೆ ತಿರುವು ಕಂಡರೆ ನಡುಗುವವರು, ಇಂಥವರು. ಮರ ಹತ್ತುವವರ ವಿಷಯದಲ್ಲಿ ಇನ್ನೊಂದು ಮಾತು: ಭಯ ಪೂರ್ತಿ ಹೋಗುವುದು ಗುರಿಯಲ್ಲ. ನಲವತ್ತು ಅಡಿ ಎತ್ತರದಲ್ಲಿ ಸ್ವಲ್ಪ ಭಯ ಇರಲೇಬೇಕು. ಅಳತೆ ಒಂದಕ್ಕೆ ಬಂದು ನಿಂತರೆ ಅದನ್ನು ಸೊನ್ನೆಗೆ ಇಳಿಸಲು ಹೆಣಗಬೇಡಿ. ಬಾಲ್ಯದ ಲೈಂಗಿಕ ಹಿಂಸೆಯ ಪ್ರಕರಣಗಳನ್ನು ಮೊದಲ ವರ್ಷ ಒಬ್ಬರೇ ಎತ್ತಿಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎದುರಿಗಿರುವವರು ಮಗುವಾಗಿದ್ದರೆ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ವರದಿ ಮಾಡುವುದು ಕಡ್ಡಾಯ, ಇದನ್ನು ಮನೆಯವರಿಗೆ ಆರಂಭದಲ್ಲೇ ತಿಳಿಸಿರಬೇಕು.

ಮಾರ್ಗದರ್ಶನದ ಗಂಟೆಗೆ ಬರಿಗೈಯಲ್ಲಿ ಹೋಗಬೇಡಿ. ಯಾವ ಚಿತ್ರ, ಯಾವ ನಂಬಿಕೆ, ಅಳತೆಗಳು ಎಷ್ಟರಿಂದ ಎಷ್ಟಕ್ಕೆ, ಯಾವ ಸುತ್ತಿನಲ್ಲಿ ಕೆಲಸ ನಿಂತಿತು, ಆಗ ನೀವು ಏನು ಹೇಳಿದಿರಿ ಎಂಬುದನ್ನು ಒಂದು ಪುಟಕ್ಕೆ ಬರೆದೊಯ್ಯಿರಿ. ನಿಂತುಹೋದ ಅವಧಿಯನ್ನೇ ಮೊದಲು ಮುಂದಿಡಿ. ಚೆನ್ನಾಗಿ ನಡೆದದ್ದನ್ನು ಹೇಳಿ ಮೆಚ್ಚುಗೆ ಪಡೆಯಲು ಆ ಗಂಟೆಗೆ ಹಣ ಕೊಡಬೇಕಾಗಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೆಯ ಕಲಮು ಗೋಪ್ಯತೆಯನ್ನು ಬಂದವರ ಹಕ್ಕೆಂದು ಹೇಳಿದೆ. ಹೆಸರು ಬದಲಿಸಿದರೆ ಇದು ಮುಗಿಯಿತೆಂದು ತಿಳಿಯಬೇಡಿ: ಮಲೆನಾಡಿನಲ್ಲಿ ತಾಲೂಕು, ಜಾತಿ, ತೋಟದ ವಿಸ್ತೀರ್ಣ ಮತ್ತು ಅಪಘಾತ ನಡೆದ ತಿರುವು ಇಷ್ಟು ಹೇಳಿದರೆ ಯಾರ ಮನೆಯವರೆಂದು ಮೂರನೆಯವರು ಹೇಳಿಬಿಡುತ್ತಾರೆ. ಈ ನಾಲ್ಕನ್ನೂ ಬಿಟ್ಟು ಅಥವಾ ಬದಲಿಸಿ ಬರೆಯಿರಿ. ಧ್ವನಿಮುದ್ರಣ ಬೇಕಾದರೆ ಕನ್ನಡದಲ್ಲಿ ಲಿಖಿತ ಒಪ್ಪಿಗೆ ಪಡೆಯಿರಿ.

ಆನ್‌ಲೈನಿನಲ್ಲಿ ಅವಧಿ ನಡೆಸುವುದನ್ನು ಮೊದಲ ವರ್ಷ ಮುಂದ್ಹಾಕುವುದು ಉತ್ತಮ. ನೆನಪು ತೆರೆದಿರುವಾಗ ನೆಟ್‌ವರ್ಕ್ ಹೋದರೆ ಆಚೆಯವರು ಒಬ್ಬರೇ ಉಳಿಯುತ್ತಾರೆ. ನಡೆಸಲೇಬೇಕಾದರೆ ಪಕ್ಕದ ಕೋಣೆಯಲ್ಲಿ ನಂಬಿಕೆಯವರೊಬ್ಬರು ಇರಲಿ, ಅವರ ಫೋನ್ ಸಂಖ್ಯೆ ನಿಮ್ಮ ಕೈಯಲ್ಲಿರಲಿ. ಎರಡು ಭೇಟಿಗಳ ನಡುವೆ ರಾತ್ರಿ ಕಷ್ಟವಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಡಿ. ಅಲ್ಲಿ ಕನ್ನಡದಲ್ಲಿ ಮಾತಾಡುತ್ತಾರೆ.

ಸಮಯ ಗೊತ್ತುಮಾಡುವಾಗ ಮೊದಲು ಕೇಳಬೇಕಾದದ್ದು ಊರಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು. ಒಂದು ಅವಧಿಗೆ 60ರಿಂದ 90 ನಿಮಿಷ ಬೇಕು, ಮುಗಿಸುವ ಹಂತಕ್ಕೇ ಅದರಲ್ಲಿ 15 ನಿಮಿಷ ಎತ್ತಿಡಬೇಕು, ಆಮೇಲೆ ಬಂದವರು ಹೊರಗಿನ ಬೆಂಚಿನ ಮೇಲೆ ಅರ್ಧ ಗಂಟೆಯಾದರೂ ಸುಮ್ಮನೆ ಕುಳಿತು, ಕಾಫಿ ಕುಡಿದು ಹೊರಡುವಂತಿರಬೇಕು. ಸಂಜೆ ಐದೂವರೆಯ ಬಸ್ಸಿಗೆ ಹೋಗಬೇಕಾದವರನ್ನು ನಾಲ್ಕು ಗಂಟೆಗೆ ಕೂರಿಸಿದರೆ ಮುಗಿಸುವ ಆ ಏಳನೆಯ ಹಂತ ಬಸ್ ನಿಲ್ದಾಣದಲ್ಲಿ ನಡೆಯುತ್ತದೆ. ಅವರಿಗೆ ಬೆಳಗಿನ ಹತ್ತೂವರೆ ಕೊಡಿ.